ಹೊಸ ವಾಚ್ ಬೆಲ್ಟ್ ಯಾಕೆ ಇಷ್ಟು ಗಟ್ಟಿ: ನಮ್ಮ ಗ್ರಾಹಕರಿಗೆ ಒಂದು ಪತ್ರ

ಆತ್ಮೀಯ ಗ್ರಾಹಕರೇ,

ನಮಸ್ಕಾರ.

ಈ ತಿಂಗಳಿಂದ ನಮ್ಮಲ್ಲಿ ತೊಗಲಿನ ವಾಚ್ ಬೆಲ್ಟ್ ತರಿಸಿಕೊಳ್ಳುವವರಿಗೆ ಪೊಟ್ಟಣ ಬಿಚ್ಚಿದ ಕೂಡಲೇ ಒಂದು ವ್ಯತ್ಯಾಸ ಗೊತ್ತಾಗುತ್ತದೆ. ಬೆಲ್ಟ್ ಗಟ್ಟಿಯಾಗಿದೆ. ಮೇಜಿನ ಮೇಲಿಟ್ಟರೆ ಸ್ಕೇಲಿನ ಹಾಗೆ ನೆಟ್ಟಗೆ ಕೂರುತ್ತದೆ, ಬಗ್ಗಿಸಿದರೆ ಕರ್ ಎನ್ನುತ್ತದೆ. ನಾವು ಮೊದಲು ಕಳಿಸುತ್ತಿದ್ದ ಬೆಲ್ಟ್ ಕಟ್ಟಿಕೊಂಡ ದಿನವೇ ಮೆತ್ತಗಿರುತ್ತಿತ್ತು, ಅಲ್ವಾ? ಇದು ಹಾಗಿಲ್ಲ. ಮಾಲು ಕೆಟ್ಟಿದೆ ಅಂದುಕೊಳ್ಳಬೇಡಿ. ಯೋಚನೆ ಮಾಡಿಯೇ ಬದಲಾಯಿಸಿದ್ದೇವೆ.

ಇಷ್ಟು ದಿನ ಕತ್ತರಿಸಿದ ಪಟ್ಟಿಗಳನ್ನು ರಾತ್ರಿಯಿಡೀ ಎಣ್ಣೆಯಲ್ಲಿ ನೆನೆಹಾಕುತ್ತಿದ್ದೆವು. ಬೆಳಗ್ಗೆ ಒರೆಸಿ, ರೋಲರ್ ನಡುವೆ ಹಾಯಿಸಿ ಕಳಿಸುತ್ತಿದ್ದೆವು. ಕೈಗೆ ಹಾಯಾಗಿ ಕೂರುತ್ತಿತ್ತು, ನಿಮಗೂ ಇಷ್ಟವಾಗಿತ್ತು. ಆದರೆ ಕಳೆದ ಮಳೆಗಾಲದಲ್ಲಿ ಹುಬ್ಬಳ್ಳಿಯ ಹಿರಿಯರೊಬ್ಬರು ಒಂದು ವರ್ಷ ಕಟ್ಟಿದ ಬೆಲ್ಟನ್ನು ನಮಗೆ ವಾಪಸ್ ಕಳಿಸಿದರು. ಬೈದಿರಲಿಲ್ಲ, 'ನೋಡಿ' ಅಂತ ಒಂದೇ ಮಾತು ಬರೆದಿದ್ದರು. ಅವರು ದಿನಾ ಬಕಲ್ ಹಾಕುತ್ತಿದ್ದ ಮೂರನೇ ತೂತು ದುಂಡಗಿರಲಿಲ್ಲ, ಅಕ್ಕಿ ಕಾಳಿನ ಹಾಗೆ ಉದ್ದವಾಗಿತ್ತು. ಬೆಲ್ಟ್ ಹಿಗ್ಗಿತ್ತು, ವಾಚು ಮುಂಗೈ ಮೇಲೆ ಜಾರುತ್ತಿದ್ದಿರಬೇಕು. ಅಂಚಿನ ಹೊಲಿಗೆಯ ಪಕ್ಕ ತೊಗಲು ಸ್ಪಂಜಿನಂತೆ ಉಬ್ಬಿ, ಧೂಳು ಕುಡಿದು ಕಪ್ಪಾಗಿತ್ತು. ಅದನ್ನು ಕೆಲಸದ ಮೇಜಿನ ಮೇಲಿಟ್ಟು ಎಲ್ಲರೂ ನೋಡಿದೆವು. ಅಂಥದ್ದು ಇನ್ನೊಂದು ನಮ್ಮ ಕೈಯಿಂದ ಹೋಗಬಾರದು ಅಂತ ಅವತ್ತೇ ತೀರ್ಮಾನ ಮಾಡಿದೆವು.

ನಾವು ಬಳಸುವುದು ಅಥಣಿ ಕಡೆ ಚಪ್ಪಲಿಗೆ ಬಳಸುವಂಥ ತೊಗಲನ್ನೇ. ಜಾಲಿ ತೊಗಟೆ, ಅಳಲೆಕಾಯಿ ಹಾಕಿದ ನೀರಿನಲ್ಲಿ ವಾರಗಟ್ಟಲೆ ಹದ ಮಾಡಿದ್ದು. 2019ರಲ್ಲಿ ಕೊಲ್ಲಾಪುರಿ ಚಪ್ಪಲಿಗೆ ಜಿಐ ಟ್ಯಾಗ್ (ಇಂಥ ಊರಿನದೇ ಮಾಲು ಅನ್ನುವ ಸರ್ಕಾರಿ ಮಾನ್ಯತೆ) ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರವೂ ಸೇರಿದ್ದವು. ಆ ಚಪ್ಪಲಿ ಮೆಟ್ಟಿದವರಿಗೆ ಈ ತೊಗಲಿನ ಸ್ವಭಾವ ಗೊತ್ತೇ ಇರುತ್ತದೆ. ಹೊಸದರಲ್ಲಿ ಕಚ್ಚುತ್ತದೆ. ಆಮೇಲೆ ನಿಮ್ಮ ಕಾಲಿನ ಅಚ್ಚೇ ಅದರ ಮೇಲೆ ಕೂರುತ್ತದೆ, ಇನ್ನೊಬ್ಬರ ಕಾಲಿಗೆ ಅದು ಒಗ್ಗುವುದೇ ಇಲ್ಲ.

ಬೆಲ್ಟಿಗೂ ಅದೇ ಮಾತು. ತೊಗಲೆಂದರೆ ನಾರಿನ ಹೆಣಿಗೆ. ತೊಗಟೆಯ ಒಗರು ಆ ನಾರುಗಳನ್ನು ಒಂದಕ್ಕೊಂದು ಬಿಗಿದಿರುತ್ತದೆ. ದಿನಾ ಕಟ್ಟಿಕೊಂಡಾಗ ನಿಮ್ಮ ಮಣಿಕಟ್ಟು ಎಲ್ಲಿ ತಿರುಗುತ್ತದೋ ಅಲ್ಲಿನ ನಾರು ಮಾತ್ರ ಸಡಿಲವಾಗುತ್ತದೆ. ಬಕಲ್ ತೂತಿನ ಸುತ್ತ, ಹೊಲಿಗೆಯ ಪಕ್ಕ ಗಟ್ಟಿತನ ಹಾಗೇ ಉಳಿಯುತ್ತದೆ. ಉಳಿಯಬೇಕಾದದ್ದೂ ಅಲ್ಲೇ. ಎಣ್ಣೆಯಲ್ಲಿ ಮುಳುಗಿಸಿದರೆ ಈ ಭೇದ ಇರುವುದಿಲ್ಲ, ಎಲ್ಲ ಕಡೆಯೂ ಒಟ್ಟಿಗೆ ಸಡಿಲ. ಅದಕ್ಕೇ ಈಗ ಒಳಮೈಗೆ ಮಾತ್ರ ತೆಳ್ಳಗೆ ಎಣ್ಣೆ ಸವರಿ ಕಳಿಸುತ್ತಿದ್ದೇವೆ. ಉಳಿದದ್ದು ನಿಮ್ಮ ಕೈಯಲ್ಲೇ ಆಗಬೇಕು.

ಮಾಡುವುದು ಹೀಗೆ. ಮೊದಲು ಬೆಲ್ಟನ್ನು ವಾಚಿನಿಂದ ಬಿಚ್ಚಿಕೊಳ್ಳಿ. ಇದನ್ನು ಮರೆಯಬೇಡಿ. ವಾಚಿಗೆ ಸಿಕ್ಕಿಸಿದ ಹಾಗೇ ಬಗ್ಗಿಸಲು ಹೋದರೆ ಎಲ್ಲ ಭಾರ ಬೆಲ್ಟನ್ನು ವಾಚಿಗೆ ಹಿಡಿದಿಡುವ ಸ್ಪ್ರಿಂಗ್ ಪಿನ್ ಮೇಲೆ ಬೀಳುತ್ತದೆ. ಪಿನ್ ಹಾರಿದರೆ ವಾಚು ನೆಲಕ್ಕೆ. ನಮ್ಮಲ್ಲಿ 18 ಮಿ.ಮೀ. ಅಗಲದ ಬೆಲ್ಟ್ ಕೇಳುವವರಲ್ಲಿ ಹೆಚ್ಚಿನವರು ಅಪ್ಪನ, ಅಜ್ಜನ ಎಚ್‌ಎಂಟಿ ಇಟ್ಟುಕೊಂಡವರು. ಅಂಥ ವಾಚು ಬಿದ್ದು ಗಾಜು ಒಡೆದರೆ ನಮಗೂ ಸಂಕಟ.

ಬಿಚ್ಚಿದ ಮೇಲೆ ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಹಿಡಿದು, ಹೊಳಪಿನ ಮೈ ಹೊರಗಿರುವಂತೆ, ಒಂದು ತುದಿಯಿಂದ ಸ್ವಲ್ಪ ಸ್ವಲ್ಪವೇ ಸುತ್ತುತ್ತಾ ಹೋಗಿ. ಮಡಿಚಬೇಡಿ, ಗೆರೆ ಬಿದ್ದರೆ ಹೋಗುವುದಿಲ್ಲ. ಚಾಪೆ ಸುತ್ತಿದ ಹಾಗೆ ಸುತ್ತಿ ಬಿಚ್ಚಿ, ಮತ್ತೆ ಇನ್ನೊಂದು ತುದಿಯಿಂದ ಸುತ್ತಿ. ನಮ್ಮಲ್ಲಿ ಹೊಲಿಗೆ ಕೆಲಸ ಮಾಡುವ ಅಕ್ಕ ಹೊಸ ಪಟ್ಟಿ ಸಿಕ್ಕರೆ ಮಾತಾಡುತ್ತಲೇ ಹೀಗೆ ಸುತ್ತುತ್ತಾ ಕೂರುತ್ತಾರೆ. ಮೊದಮೊದಲು ಕರ್ ಕರ್ ಅನ್ನುತ್ತಿದ್ದ ತೊಗಲು ಐದು ನಿಮಿಷದಲ್ಲಿ ಸುಮ್ಮನಾಗುತ್ತದೆ. ಬಗ್ಗಿದ ಕಡೆ ಬಣ್ಣ ಒಂಚೂರು ತಿಳಿಯಾಗಿ ಕಂಡರೆ ಗಾಬರಿ ಬೇಡ. ಬಟ್ಟೆಯಿಂದ ಉಜ್ಜಿದರೆ ಮುಕ್ಕಾಲು ಪಾಲು ಸರಿಹೋಗುತ್ತದೆ. ದಿನಕ್ಕೆ ಐದು ನಿಮಿಷ, ನಾಲ್ಕೈದು ದಿನ ಸಾಕು. ರಾತ್ರಿ ಮಣಿಕಟ್ಟಿನಷ್ಟು ದಪ್ಪದ ಲೋಟಕ್ಕೋ ಬಾಟಲಿಗೋ ಸುತ್ತಿ, ದಾರದಿಂದ ಸಡಿಲವಾಗಿ ಕಟ್ಟಿಡಿ.

ಆಮೇಲೆ ಕಟ್ಟಿಕೊಂಡು ಓಡಾಡಿ. ಮೊದಲ ವಾರ ಒಂದು ತೂತು ಸಡಿಲವಾಗಿ ಹಾಕಿ. ಮೈಶಾಖ, ಸ್ವಲ್ಪ ಬೆವರು, ಕೈಯ ಅಲುಗಾಟ, ಇವು ಮಾಡುವ ಕೆಲಸವನ್ನು ಯಾವ ಮಷೀನೂ ಮಾಡುವುದಿಲ್ಲ. ಎರಡು ವಾರದಲ್ಲಿ ಬೆಲ್ಟ್ ಬಿಚ್ಚಿಟ್ಟರೂ ಬಾಗಿದ ಆಕಾರದಲ್ಲೇ ಕೂತಿರುತ್ತದೆ. ಅಲ್ಲಿಗೆ ಹದ ಬಂತು ಅಂತ ಲೆಕ್ಕ.

ಬೇಗ ಆಗಲಿ ಅಂತ ಬಿಸಿನೀರಿಗೆ ಹಾಕಬೇಡಿ. ಒದ್ದೆ ತೊಗಲಿಗೆ ಬಿಸಿ ತಗುಲಿದರೆ ಮುರುಟಿಕೊಂಡು ಕಟ್ಟಿಗೆಯಾಗುತ್ತದೆ, ಆಮೇಲೆ ಯಾವ ಎಣ್ಣೆಗೂ ಬಗ್ಗುವುದಿಲ್ಲ. ಹೇರ್ ಡ್ರೈಯರ್, ಬಿಸಿಲಿನ ಕಿಟಕಿ ಎರಡೂ ಬೇಡ. ತೆಂಗಿನೆಣ್ಣೆ ಹಚ್ಚಬಹುದಾ ಅಂತ ಜಾಸ್ತಿ ಜನ ಕೇಳುತ್ತಾರೆ. ಬೇಡ. ಅದು ಸುಮಾರು 24 ಡಿಗ್ರಿಗೇ ಗಟ್ಟಿಯಾಗುವ ಎಣ್ಣೆ, ಚಳಿಗಾಲದ ಬೆಳಗ್ಗೆ ತೊಗಲಿನ ಮೇಲೆ ಬೆಳ್ಳಗೆ ಕೂತರೂ ಕೂರಬಹುದು. ತೀರಾ ಒಣಗಿದೆ ಅನ್ನಿಸಿದರೆ ಜೇನುಮೇಣ ಸೇರಿದ ಲೆದರ್ ಕ್ರೀಮ್ ಅವರೆಕಾಳಿನಷ್ಟು ತೆಗೆದುಕೊಂಡು ಒಳಮೈಗೆ ಉಜ್ಜಿ, ರಾತ್ರಿಯಿಡೀ ಬಿಡಿ. ವರ್ಷಕ್ಕೆ ಎರಡು ಸಲ ಸಾಕು.

ಇನ್ನೊಂದು ಸಣ್ಣ ಬದಲಾವಣೆ. ಬಕಲ್ ಮತ್ತು ಪಿನ್ ಇನ್ನು ಮೇಲೆ ಸ್ಟೇನ್‌ಲೆಸ್ ಸ್ಟೀಲಿನವು. ತೊಗಟೆಯ ಒಗರಿಗೆ ಕಬ್ಬಿಣ, ನೀರು ಸೇರಿದರೆ ಮಸಿಯಂತೆ ಕಪ್ಪು ಕಲೆ ಬೀಳುತ್ತದೆ. ಹಳೆಯ ಬಕಲ್ ಕೆಳಗೆ ಕೆಲವರಿಗೆ ಕಂಡ ಕಲೆ ಅದೇ. ಬೆಲೆ ಮೊದಲಿನಷ್ಟೇ ಇದೆ.

ಎರಡು ವಾರ ಕಟ್ಟಿ ನೋಡದೆ ಬೇಕೋ ಬೇಡವೋ ಹೇಳುವುದು ನಿಮಗೂ ಕಷ್ಟ. ಆದ್ದರಿಂದ ವಾಪಸ್ ಕೊಡುವ ಅವಧಿಯನ್ನು 10 ದಿನದಿಂದ 30 ದಿನಕ್ಕೆ ಹೆಚ್ಚಿಸಿದ್ದೇವೆ. ಕಟ್ಟಿದ ಗುರುತು ಬಿದ್ದಿದ್ದರೂ ಪರವಾಗಿಲ್ಲ, ತೆಗೆದುಕೊಳ್ಳುತ್ತೇವೆ. ಚರ್ಮ ಸೂಕ್ಷ್ಮವಾಗಿರುವವರು, ವಯಸ್ಸಾದವರಿಗೆ ಕೊಡಲು ತರಿಸುವವರು ಆರ್ಡರ್ ಮಾಡುವಾಗ 'ಸುತ್ತಿ ಕಳಿಸಿ' ಅಂತ ಒಂದು ಮಾತು ಬರೆಯಿರಿ. ನಾವೇ ಕೈಯಲ್ಲಿ ನಾಲ್ಕು ದಿನ ಸುತ್ತಿ ಕಳಿಸುತ್ತೇವೆ. ಅದಕ್ಕೆ ಬೇರೆ ದುಡ್ಡಿಲ್ಲ. ಪಾರ್ಸೆಲ್ ಮಾತ್ರ ಒಂದು ವಾರ ತಡವಾಗುತ್ತದೆ.

ಹಳೆಯ ಬೆಲ್ಟಿನ ತೂತು ಹಿಗ್ಗಿದೆ ಅನ್ನುವವರು ಅದರ ಫೋಟೋ ಕಳಿಸಿ. ಒಂದು ವರ್ಷದೊಳಗಿನದಾದರೆ ಹೊಸದು ಕೊಡುತ್ತೇವೆ.

ಇಂತಿ ನಿಮ್ಮ,
ಬೆಲ್ಟ್ ವಿಭಾಗದ ಎಲ್ಲರೂ