ಬೇಡ ಅನ್ನಲು ಆಗದವರ ಕೆಲಸ: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ದುಡಿಯುವವರ ಬಗ್ಗೆ ನೀನು ‘ಯಾರೂ ಅವರನ್ನು ಕಟ್ಟಿಹಾಕಿಲ್ಲ. ಸಂಬಳ ಕಡಿಮೆ ಅಂತ ಗೊತ್ತಿದ್ದೇ ಸೇರಿದ್ದಾರೆ. ಕಷ್ಟ ಆದ್ರೆ ಬಿಡಲಿ’ ಅಂದೆಯಲ್ಲ, ಅದಕ್ಕೇ ಈ ಪತ್ರ. ಎದುರು ಕೂತರೆ ನೀನು ನನಗೆ ಮಾತಾಡಲು ಬಿಡುವುದಿಲ್ಲ.

ರಾಣಾ ಪ್ಲಾಜಾ ನೆನಪಿದೆಯಾ? ಬಾಂಗ್ಲಾದೇಶದ ಢಾಕಾ ಹತ್ತಿರದ ಸಾವರ್‌ನಲ್ಲಿದ್ದ ಕಟ್ಟಡ. ಕೆಳಗೆ ಅಂಗಡಿಗಳು, ಒಂದು ಬ್ಯಾಂಕು. ಮೇಲಿನ ಮಹಡಿಗಳಲ್ಲಿ ಗಾರ್ಮೆಂಟ್ಸ್. 2013ರ ಏಪ್ರಿಲ್ 23ರಂದು ಅಲ್ಲಿ ಬಿರುಕು ಕಾಣಿಸಿತು. ಬ್ಯಾಂಕಿನವರು ಸಿಬ್ಬಂದಿಯನ್ನು ಮನೆಗೆ ಕಳಿಸಿದರು. ಅಂಗಡಿಗಳೂ ಮುಚ್ಚಿದವು. ಮರುದಿನ ಬೆಳಿಗ್ಗೆ ಗಾರ್ಮೆಂಟ್ಸ್‌ನವರನ್ನು ಮಾತ್ರ ಒಳಗೆ ಕಳಿಸಿದರು. ಬರದಿದ್ದರೆ ಸಂಬಳ ಹಿಡಿಯುತ್ತೇವೆ ಅಂತ ಹೆದರಿಸಿದ್ದರು. ಸುಮಾರು ಒಂಬತ್ತು ಗಂಟೆಗೆ ಇಡೀ ಕಟ್ಟಡ ಕುಸಿಯಿತು. 1,100ಕ್ಕೂ ಹೆಚ್ಚು ಜನ ಸತ್ತರು.

ಬ್ಯಾಂಕಿನವರಿಗೂ ಹೊಲಿಗೆಯವರಿಗೂ ಕಂಡದ್ದು ಅದೇ ಬಿರುಕು. ಹೊಲಿಗೆಯವರು ದಡ್ಡರಾಗಿರಲಿಲ್ಲ, ಒಳಗೆ ಹೋಗಲು ಹೆದರಿ ಹೊರಗೇ ನಿಂತಿದ್ದವರೂ ಇದ್ದರು. ಆದರೆ ಆ ತಿಂಗಳ ಸಂಬಳ ಬಿಟ್ಟು ಬದುಕುವುದು ಹೇಗೆ? ಇದನ್ನು ಅವರ ಆಯ್ಕೆ ಅಂತ ಕರೆಯಲು ನಿನಗೆ ಮನಸ್ಸು ಬರುತ್ತಾ? ನೀನು ಬಾಸ್ ಜೊತೆ ಜಗಳವಾಡಿ ಕೆಲಸ ಬಿಟ್ಟಾಗ ಕೈಯಲ್ಲಿ ಸ್ವಲ್ಪ ದುಡ್ಡಿತ್ತು, ಹೋಗಿ ಇರಲು ಅಪ್ಪನ ಮನೆ ಇತ್ತು. (ಜಗಳದಲ್ಲಿ ತಪ್ಪು ಬಾಸ್‌ದೇ, ಅದು ಬೇರೆ ಮಾತು.)

ಆ ಕೆಲಸವೂ ಇಲ್ಲದಿದ್ದರೆ ಅವರ ಗತಿ ಇನ್ನೂ ಕಷ್ಟ ಅಂತೀಯ. ನಿಜ. ಎಷ್ಟೋ ಹೆಂಗಸರ ಕೈಗೆ ಸ್ವಂತ ದುಡಿಮೆಯ ದುಡ್ಡು ಬಂದಿದ್ದೇ ಗಾರ್ಮೆಂಟ್ಸ್‌ನಿಂದ. ಆದರೆ ಕೆಲಸ ಕೊಡಲು ಬಾಗಿಲಿಗೆ ಬೀಗ ಹಾಕಲೇಬೇಕಾ? 1911ರಲ್ಲಿ ನ್ಯೂಯಾರ್ಕಿನ ಟ್ರಯಾಂಗಲ್ ಅನ್ನುವ ಬಟ್ಟೆ ಹೊಲಿಯುವ ಕಾರ್ಖಾನೆಗೆ ಬೆಂಕಿ ಬಿದ್ದಾಗ ಹೊರಗೆ ಹೋಗುವ ಒಂದು ಬಾಗಿಲಿಗೆ ಬೀಗ ಹಾಕಿತ್ತು. 146 ಜನ ಸತ್ತರು, ಜಾಸ್ತಿ ಎಳೆ ಹುಡುಗಿಯರೇ. ಮಾಲೀಕರ ಮೇಲೆ ಕೇಸು ನಡೆದು ಖುಲಾಸೆಯೂ ಆಯಿತು. ಆ ಬೀಗ ತೆಗೆಯಲು ಎಷ್ಟು ಖರ್ಚಾಗುತ್ತಿತ್ತು ಹೇಳು.

ಕಾರ್ಖಾನೆ ಸುರಕ್ಷಿತ ಅನ್ನುವ ತಪಾಸಣೆ, ಸರ್ಟಿಫಿಕೇಟ್ ಇವನ್ನೆಲ್ಲ ನಾನು ಸುಲಭಕ್ಕೆ ನಂಬುವುದಿಲ್ಲ. 2012ರಲ್ಲಿ ಕರಾಚಿಯಲ್ಲಿ ಸುಟ್ಟುಹೋದ ಗಾರ್ಮೆಂಟ್ಸ್ ಕಾರ್ಖಾನೆಗೆ ಕೆಲವೇ ವಾರಗಳ ಹಿಂದೆ ಸರ್ಟಿಫಿಕೇಟ್ ಸಿಕ್ಕಿತ್ತು. 250ಕ್ಕೂ ಹೆಚ್ಚು ಜನ ಸತ್ತರು. ರಾಣಾ ಪ್ಲಾಜಾ ಆದಮೇಲೆ ಬಟ್ಟೆ ಬ್ರ್ಯಾಂಡ್‌ಗಳು ಮತ್ತು ಕಾರ್ಮಿಕ ಸಂಘಟನೆಗಳು ಕಾರ್ಖಾನೆಗಳ ಸುರಕ್ಷತೆಗಾಗಿ ಮಾಡಿಕೊಂಡ ಒಪ್ಪಂದ ಇದಕ್ಕಿಂತ ಗಟ್ಟಿ. ಅದಕ್ಕೆ ಕಾನೂನಿನ ಬಲ ಇತ್ತು. ಅಪಾಯ ಕಂಡರೆ ಒಳಗೆ ಹೋಗಲ್ಲ ಅನ್ನುವ ಹಕ್ಕೂ ಅದರಲ್ಲಿತ್ತು. ಹಾಗಂತ ಬಾಂಗ್ಲಾದೇಶದ ಗಾರ್ಮೆಂಟ್ಸ್ ರಫ್ತೇನೂ ಮುಳುಗಲಿಲ್ಲ, ಆಮೇಲೂ ಬೆಳೆಯಿತು.

ಸಂಬಳದ ಪ್ರಶ್ನೆಯೂ ಇಲ್ಲಿಗೇ ಬರುತ್ತದೆ. ಒಂದು ತಿಂಗಳಿಗಾಗುವಷ್ಟೂ ಕೂಡಿಡಲು ಆಗದವರಿಗೆ ಆ ಹಕ್ಕು ಕಾಗದದ ಮೇಲಿದ್ದರೂ ಬಳಸಲು ಧೈರ್ಯ ಬರುವುದಿಲ್ಲ. ಸಂಬಳ ಏರಿಸಿದರೆ ಕೆಲಸಗಳೇ ಹೋಗುತ್ತವೆ ಅಂತ ನೀನು ಶುರು ಮಾಡ್ತೀಯ, ಗೊತ್ತು. ಅದಕ್ಕೆ ಇನ್ನೊಂದು ಪತ್ರವೇ ಬೇಕು. ಸದ್ಯಕ್ಕೆ ಆ ಬಿರುಕಿನ ವಿಷಯಕ್ಕಾದರೂ ಉತ್ತರ ಬರಿ.

ನಿನ್ನ ಗೆಳೆಯ