ನಾಡಿ ನಿಧಾನವಾಗಲು ವಯಸ್ಸೊಂದೇ ಕಾರಣವಲ್ಲ

ಸಂಪಾದಕರೇ,

ಮುಂಬಯಿಯ ಕನ್ನಡ ಸಂಘಗಳು ಆರೋಗ್ಯ ಶಿಬಿರಗಳಲ್ಲಿ ಬಿಪಿ, ಸಕ್ಕರೆಯ ಜೊತೆ ನಾಡಿಯನ್ನೂ ಪೂರ್ತಿ 60 ಸೆಕೆಂಡ್ ಎಣಿಸಲಿ. ನಿಮಿಷಕ್ಕೆ 60ಕ್ಕಿಂತ ಕಡಿಮೆಯಿದ್ದರೆಲ್ಲ ರೋಗವಲ್ಲ. ಪಳಗಿದ ಓಟಗಾರರಲ್ಲಿ 40–50 ಸಹಜ. ಆದರೆ ತಲೆಸುತ್ತು, ಎಚ್ಚರ ತಪ್ಪುವುದು, ಮೆಟ್ಟಿಲು ಹತ್ತಿದರೂ ಬಡಿತ ಏರದಿರುವುದು ಕಂಡರೆ ಇಸಿಜಿ ಬೇಕೇ ಬೇಕು.

ನಾಡಿ ನಿಧಾನವಾಗಲು ಜೀನ್ (ವಂಶವಾಹಿ) ದೋಷವೂ ಕಾರಣವಾಗಬಹುದು. ಬಲ ಹೃತ್ಕರ್ಣದಲ್ಲಿರುವ (ಹೃದಯದ ಬಲ ಮೇಲ್ಕೋಣೆ), ಬಡಿತ ಹುಟ್ಟಿಸುವ ಸೈನಸ್ ನೋಡ್‌ನ ಜೀವಕೋಶಗಳು ಪ್ರತಿ ಬಡಿತದ ನಂತರ ತಾವಾಗಿಯೇ ಮುಂದಿನ ವಿದ್ಯುತ್ ಸಂಕೇತಕ್ಕೆ ಸಜ್ಜಾಗುತ್ತವೆ. ಅದಕ್ಕಾಗಿ ಸೋಡಿಯಂ ಒಳಬಿಡುವ ಒಂದು ಬಾಗಿಲನ್ನು ರೂಪಿಸುವುದು ಎಚ್‌ಸಿಎನ್4 ಜೀನ್. ಅದರ ಎರಡು ಪ್ರತಿಗಳಲ್ಲಿ ಒಂದು ಕೆಟ್ಟರೂ ಬಡಿತ ನಿಧಾನವಾಗಬಹುದು. ಆ ದೋಷ ಪ್ರತಿ ಮಗುವಿಗೂ ದಾಟುವ ಸಂಭವ 50%. ಎಲ್‌ಎಂಎನ್‌ಎ ಎಂಬ ಇನ್ನೊಂದು ಜೀನಿನ ದೋಷ ಇನ್ನೂ ಗಂಭೀರ. ಅದರಲ್ಲಿ ಹೃದಯದ ಸ್ನಾಯುವೂ ಸೋಲಬಹುದು, ಪ್ರಾಣಾಪಾಯದ ವೇಗದ ಬಡಿತವೂ ಬರಬಹುದು. ಆಗ ಬರೀ ಪೇಸ್‌ಮೇಕರ್ ಸಾಲದೆ ಐಸಿಡಿ (ಅಪಾಯದ ಬಡಿತವನ್ನು ಶಾಕ್ ಕೊಟ್ಟು ಸರಿಪಡಿಸುವ, ದೇಹದೊಳಗೆ ಇಡುವ ಸಾಧನ) ಬೇಕಾದೀತು.

ಹಾಗೆಂದು ನೇರವಾಗಿ ಜೀನ್ ಪರೀಕ್ಷೆಗೆ ಹೋಗಬೇಕಿಲ್ಲ. ಬಿಪಿ, ಹೃದಯಕ್ಕೆ ಕೊಡುವ ಅಟೆನೊಲಾಲ್, ಡಿಲ್ಟಿಯಜೆಮ್ ಔಷಧಿ, ಕಣ್ಣಿನ ಗ್ಲಾಕೋಮಾಕ್ಕೆ ಹಾಕುವ ಟಿಮೊಲಾಲ್ ಹನಿ (ಇದನ್ನು ಹೇಳಲು ಮರೆಯುವವರೇ ಹೆಚ್ಚು), ಥೈರಾಯ್ಡ್ ಕೊರತೆ, ರಕ್ತದಲ್ಲಿ ಪೊಟ್ಯಾಸಿಯಂ ಏರಿಕೆ ಇವನ್ನು ಮೊದಲು ನೋಡಬೇಕು. ಔಷಧಿಯನ್ನು ಮಾತ್ರ ತಾವಾಗಿಯೇ ನಿಲ್ಲಿಸಬಾರದು. ಊರಿನಲ್ಲಿರುವ ಒಡಹುಟ್ಟಿದವರಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿನಲ್ಲೇ ಪೇಸ್‌ಮೇಕರ್ ಹಾಕಿದ್ದರೆ, ಯಾರಾದರೂ ಹಠಾತ್ತನೆ ತೀರಿಕೊಂಡಿದ್ದರೆ ವೈದ್ಯರಿಗೆ ತಪ್ಪದೆ ತಿಳಿಸಿ.

– ಓರ್ವ ವೈದ್ಯ, ಮಾಟುಂಗ, ಮುಂಬಯಿ