‘ಪ್ರೈಡ್’ ಹುಬ್ಬಳ್ಳಿಯ ಗೋಕುಲ ರಸ್ತೆಗೂ ಬರಲಿ

ಮಾನ್ಯ ಸಂಪಾದಕರೇ,

2014ರ ಬ್ರಿಟಿಷ್ ಚಿತ್ರ ‘ಪ್ರೈಡ್’ ಅನ್ನು ಲೈಂಗಿಕ ಅಲ್ಪಸಂಖ್ಯಾತರ ಸಿನಿಮಾ ಎಂದು ಬದಿಗಿಡುವವರಿದ್ದಾರೆ. ಅದು ಅಷ್ಟೇ ಗಟ್ಟಿಯಾಗಿ ಮುಷ್ಕರದ ಸಿನಿಮಾ ಕೂಡ. 2021ರ ಏಪ್ರಿಲ್‌ನಲ್ಲಿ ಸಂಬಳವಿಲ್ಲದೆ ಮುಷ್ಕರಕ್ಕೆ ಕೂತ ಸಾರಿಗೆ ನೌಕರರಿಗೆ, ರೈಲ್ವೆ ವರ್ಕ್‌ಶಾಪಿನವರಿಗೆ, ಪೌರಕಾರ್ಮಿಕರಿಗೆ ಅವಳಿ ನಗರದ ಚಿತ್ರಾಸಕ್ತರು ಮತ್ತು ಸಂಘಟನೆಗಳು ಸೇರಿ ಇದನ್ನು ತೋರಿಸಬೇಕು.

ಕಥೆ ನಡೆದದ್ದೇ. 1984ರ ಮಾರ್ಚ್‌ನಲ್ಲಿ ಬ್ರಿಟನ್ನಿನ ಕಲ್ಲಿದ್ದಲು ಗಣಿ ಕಾರ್ಮಿಕರು ಗಣಿ ಮುಚ್ಚುವುದರ ವಿರುದ್ಧ ಕೆಲಸ ನಿಲ್ಲಿಸಿದರು. ಲಂಡನ್ನಿನಲ್ಲಿ ಸಲಿಂಗಿಗಳಾದ ಮಾರ್ಕ್ ಆಶ್ಟನ್, ಮೈಕ್ ಜಾಕ್ಸನ್ ಮತ್ತು ಗೆಳೆಯರು ಗಣಿಯವರಿಗಾಗಿ ಬಕೆಟ್ ಹಿಡಿದು ಪಟ್ಟಿ ಎತ್ತಿದರು. ಆ ಹಣ ಯಾವುದೋ ದೊಡ್ಡ ನಿಧಿಗೆ ಹೋಗಲಿಲ್ಲ. ವೇಲ್ಸ್‌ನ ಡಿಲೈಸ್ ಕಣಿವೆಯೊಂದನ್ನೇ ಆರಿಸಿಕೊಂಡು ನೇರವಾಗಿ ಅಲ್ಲಿಗೇ ಕಳಿಸಿದರು, ತಾವೂ ಹೋಗಿ ಅಲ್ಲಿಯ ಮನೆಗಳಲ್ಲಿ ಉಳಿದರು. ಅಕ್ಟೋಬರ್‌ನಲ್ಲಿ ನ್ಯಾಯಾಲಯ ಗಣಿ ಕಾರ್ಮಿಕರ ಸಂಘದ ಆಸ್ತಿ ಜಪ್ತಿಗೆ ಆದೇಶಿಸಿದ ಮೇಲೂ ಈ ದಾರಿ ಮುಚ್ಚಲಿಲ್ಲ. ಡಿಸೆಂಬರ್ 10ರಂದು ಲಂಡನ್ನಿನ ಕ್ಯಾಮ್ಡನ್‌ನಲ್ಲಿ ನಡೆಸಿದ ಒಂದೇ ಸಂಗೀತ ಕಾರ್ಯಕ್ರಮದಿಂದ 5,650 ಪೌಂಡ್ ಕೂಡಿತು. ಮುಷ್ಕರ ಸೋತಿತು. ಆದರೆ 1985ರ ಜೂನ್‌ನಲ್ಲಿ ಲಂಡನ್ನಿನಲ್ಲಿ ಸಲಿಂಗಿಗಳು ನಡೆಸುವ ‘ಪ್ರೈಡ್’ ಮೆರವಣಿಗೆಗೆ ಗಣಿಯವರು ತಮ್ಮ ಬ್ಯಾನರ್ ಹೊತ್ತು ಬಂದರು. ಅದೇ ವರ್ಷ ಲೇಬರ್ ಪಕ್ಷದ ಅಧಿವೇಶನದಲ್ಲಿ ಸಲಿಂಗಿಗಳ ಸಮಾನ ಹಕ್ಕಿನ ಠರಾವು ಗಣಿ ಸಂಘದ ಮತದೊಂದಿಗೆ ಪಾಸಾಯಿತು.

ತೋರಿಸುವುದಾದರೆ ಸರಿಯಾಗಿ ತೋರಿಸಬೇಕು. ವೇಲ್ಸ್‌ನವರ ಇಂಗ್ಲಿಷ್ ಇಂಗ್ಲಿಷ್ ಬಲ್ಲವರಿಗೇ ತಿಳಿಯುವುದು ಕಷ್ಟ. ಕನ್ನಡ ಸಬ್‌ಟೈಟಲ್ ಇಲ್ಲದಿದ್ದರೆ ಅರ್ಧ ಗಂಟೆಯಲ್ಲಿ ಖುರ್ಚಿ ಖಾಲಿಯಾಗುತ್ತವೆ. ಸಬ್‌ಟೈಟಲ್ ಫೈಲನ್ನು ಯುಟಿಎಫ್-8 ಎಂಬ ಅಕ್ಷರ ಸಂಕೇತ ಕ್ರಮದಲ್ಲಿ ಉಳಿಸದಿದ್ದರೆ ಪರದೆ ಮೇಲೆ ಬರೀ ಚೌಕ, ಪ್ರಶ್ನಾರ್ಥಕ ಚಿಹ್ನೆ. ಕೆಲವು ಪ್ಲೇಯರ್‌ಗಳಲ್ಲಿ ಒತ್ತಕ್ಷರ ಒಡೆದು ‘ಮುಷ್ಕರ’ದ ಷ ಒಂದು ಕಡೆ, ಕ ಒಂದು ಕಡೆ ಆಗುತ್ತದೆ. ಅಕ್ಷರಗಳನ್ನು ಚಿತ್ರದೊಳಗೇ ಅಚ್ಚುಹಾಕಿ, ತೋರಿಸಬೇಕಾದ ಯಂತ್ರದಲ್ಲೇ ಹಿಂದಿನ ದಿನ ಪೂರಾ ಎರಡು ತಾಸು ಓಡಿಸಿ ನೋಡುವುದು ಕ್ಷೇಮ. ಸಾಲು ಎರಡಕ್ಕಿಂತ ಹೆಚ್ಚು ಬೇಡ. ಒತ್ತು ಮೇಲಿನ ಸಾಲಿನಿಂದ ಇಳಿದು ಕೆಳಗಿನದಕ್ಕೆ ತಾಗುವುದರಿಂದ ಸಾಲುಗಳ ನಡುವೆ ಇಂಗ್ಲಿಷಿಗಿಂತ ಹೆಚ್ಚು ಜಾಗ ಬಿಡಬೇಕು. ಸಭಾಭವನದ ನೆಲ ಸಮತಟ್ಟಾಗಿದ್ದರೆ ಪರದೆಯ ಕೆಳಅಂಚು ನೆಲದಿಂದ ಐದು ಅಡಿ ಮೇಲಿರಲಿ. ಇಲ್ಲವಾದರೆ ಮುಂದಿನವರ ತಲೆಗಳೇ ಸಬ್‌ಟೈಟಲ್ ನುಂಗುತ್ತವೆ.

ಅನುವಾದದಲ್ಲಿ ಬೈಗುಳವನ್ನು ಮೆದುಗೊಳಿಸಬಾರದು. ತಮ್ಮ ಮೇಲಿನ ಬೈಗುಳವನ್ನೇ ಆ ಸಂಗೀತ ಕಾರ್ಯಕ್ರಮಕ್ಕೆ ಹೆಸರಾಗಿ ಇಟ್ಟುಕೊಂಡ ಜನ ಅವರು. ಚಿತ್ರದಲ್ಲಿ ಒಂದು ದೃಶ್ಯವಿದೆ: ವಯಸ್ಸಾದ ಕ್ಲಿಫ್ ಮತ್ತು ಹೆಫಿನಾ ಸ್ಯಾಂಡ್‌ವಿಚ್ ಮಾಡುತ್ತ ನಿಂತಿರುತ್ತಾರೆ, ಕ್ಲಿಫ್ ತಾನು ಗೇ ಎನ್ನುತ್ತಾನೆ, ಆಕೆ ತನಗದು ಎಂದೋ ಗೊತ್ತಿತ್ತು ಎನ್ನುತ್ತಾಳೆ. ಅಲ್ಲಿ ‘ಗೇ’ ಎಂಬುದನ್ನು ಹಾಗೇ ಬಿಡಿ, ‘ಸಲಿಂಗಕಾಮಿ’ ಎಂದರೆ ಆ ಮುದುಕನ ಬಾಯಲ್ಲಿ ಪೊಲೀಸ್ ಪಂಚನಾಮೆ ಓದಿದಂತಾಗುತ್ತದೆ. ಆಕೆಯ ಉತ್ತರ ಪರದೆಗೆ ಅರ್ಧ ಸೆಕೆಂಡ್ ಮೊದಲೇ ಬಂದರೂ ಇಡೀ ದೃಶ್ಯ ಹಾಳು.

ಒಟಿಟಿ ಚಂದಾ ಮನೆಯಲ್ಲಿ ನೋಡಲಷ್ಟೇ. ಸಾರ್ವಜನಿಕ ಪ್ರದರ್ಶನಕ್ಕೆ ಹಕ್ಕುದಾರರ ಲಿಖಿತ ಅನುಮತಿ ಬೇಕು. ಉತ್ತರಕ್ಕೆ ವಾರಗಳೇ ಹಿಡಿಯಬಹುದು. ಮೇ 1ಕ್ಕೆ ತೋರಿಸುವುದಾದರೆ ಫೆಬ್ರುವರಿಯಲ್ಲೇ ಪತ್ರ ಹೋಗಲಿ. ಬಸ್ಸಿನವರ ಪಾಳಿ ನೋಡಿ ಬೆಳಿಗ್ಗೆ ಒಂದು, ಸಂಜೆ ಒಂದು ಪ್ರದರ್ಶನ ಇಡಬೇಕು. ಬಾಗಿಲಲ್ಲಿ ಬಕೆಟ್ ಇಡುವುದಾದರೆ ಹಣ ಯಾವ ಕುಟುಂಬಗಳಿಗೆ ಎಂದು ಮೊದಲೇ ಬರೆದು ಹಾಕಿ, ಎಲ್ಲರೆದುರು ಇಬ್ಬರು ಎಣಿಸಿ, ಮೊತ್ತವನ್ನು ಅಲ್ಲೇ ಫಲಕದ ಮೇಲೆ ಬರೆಯಲಿ.

– ಚಿತ್ರಾಸಕ್ತ ಗೆಳೆಯರು, ಹುಬ್ಬಳ್ಳಿ-ಧಾರವಾಡ